ಮೂರು ತಿಂಗಳು ರಿಂಗ್ಸ್‌ಗೆ ಜೋತುಬಿದ್ದೆ, ಜಿಗಿತ ಒಂದು ಸೆಂಟಿಮೀಟರೂ ಏರಲಿಲ್ಲ

ಮೂರನೇಟಚ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಾನು ವಾಲಿಬಾಲ್ ಆಡುತ್ತೇನೆ. ನೆಟ್‌ನ ಎಡಬದಿಯಿಂದ ಸ್ಮ್ಯಾಶ್ ಹೊಡೆಯುವುದು ನನ್ನ ಕೆಲಸ. ವಯಸ್ಸು 31, ಎತ್ತರ 1.86 ಮೀಟರ್, ತೂಕ 84 ಕೆಜಿ. ಮೊದಲು ವಾರಕ್ಕೆ ಮೂರು ದಿನ ಬಾರ್‌ಬೆಲ್ ಎತ್ತುತ್ತಿದ್ದೆ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ಎಲ್ಲರೂ ಮಾಡುವುದೇ. ಈ ಸಲ ತಂಡಕ್ಕೆ ಹೊಸ ಟ್ರೇನರ್ ಬಂದರು. ಚಿಕ್ಕಂದಿನಿಂದ ಜಿಮ್ನಾಸ್ಟಿಕ್ಸ್ ಮಾಡಿದವರು. ಬಂದ ದಿನವೇ "ಕಬ್ಬಿಣ ಪಕ್ಕಕ್ಕಿಡಿ, ಮೊದಲು ನಿಮ್ಮ ಮೈ ನೀವೇ ಎತ್ತಿ ತೋರಿಸಿ" ಎಂದರು.

ಎತ್ತಲು ಆಗಲಿಲ್ಲ. ಆ ಕಥೆ ಬೇಡ.

ಅಂದಿನಿಂದ ವಾರಕ್ಕೆ ನಾಲ್ಕು ದಿನ ರಿಂಗ್ಸ್ (ಮೇಲಿನಿಂದ ದಾರದಲ್ಲಿ ಇಳಿಬಿಟ್ಟ ಎರಡು ಉಂಗುರ), ಪುಲ್‌ಅಪ್, ಡಿಪ್ಸ್ (ಕೈಯೂರಿ ಮೈ ಇಳಿಸಿ ಎತ್ತುವುದು), ಎಲ್-ಸಿಟ್ (ಕೈಯೂರಿ ಮೈ ಎತ್ತಿ, ಕಾಲು ಮುಂದಕ್ಕೆ ಚಾಚಿ ಹಿಡಿಯುವುದು), ಹಾಲೋ ಹೋಲ್ಡ್ (ಅಂಗಾತ ಮಲಗಿ ಕೈಕಾಲು ಸ್ವಲ್ಪ ಎತ್ತಿ ಹಿಡಿಯುವುದು), ಗೋಡೆಗೆ ಹ್ಯಾಂಡ್‌ಸ್ಟ್ಯಾಂಡ್. ಮೂರು ತಿಂಗಳಾಯಿತು. ಪುಲ್‌ಅಪ್ 5 ಇದ್ದದ್ದು 13 ಆಗಿದೆ. ಹಾಲೋ ಹೋಲ್ಡ್ 20 ಸೆಕೆಂಡ್ ಇದ್ದದ್ದು ಒಂದು ನಿಮಿಷ. ಎಲ್-ಸಿಟ್‌ನಲ್ಲಿ ಮೊದಲು ಹಿಮ್ಮಡಿ ನೆಲ ಬಿಡುತ್ತಲೇ ಇರಲಿಲ್ಲ, ಈಗ 12 ಸೆಕೆಂಡ್ ನಿಲ್ಲುತ್ತೇನೆ. ಕನ್ನಡಿಯಲ್ಲಿ ನೋಡಿಕೊಂಡರೆ ಖುಷಿಯೂ ಆಗುತ್ತದೆ.

ಆದರೆ ಕಳೆದ ವಾರ ಜಿಗಿತ ಅಳೆದೆ. ಬೆರಳಿಗೆ ಪುಡಿ ಹಚ್ಚಿಕೊಂಡು ಗೋಡೆಗೆ ಬಡಿಯುವ ಹಳೇ ವಿಧಾನ. ಶುರುವಿನಲ್ಲಿ 58 ಸೆಂಟಿಮೀಟರ್ ಇತ್ತು. ಈಗಲೂ 58. ಮೂರು ಸಲ ಜಿಗಿದೆ, ಮೂರು ಗುರುತೂ ಒಂದರ ಮೇಲೊಂದು ಬಿದ್ದವು.

ಹಾಗಾದರೆ ಇದೆಲ್ಲ ಯಾಕೆ? ಜಿಮ್ನಾಸ್ಟಿಕ್ಸ್ ಬಲ ಬೇರೆ ಆಟಕ್ಕೆ ಬರುತ್ತದೆ ಅನ್ನುವುದು ನಿಜವೋ, ಸುಮ್ನೆ ಮಾತೋ?

ಅರ್ಧಲಾಗ
ಕಾಲಿಗೆ ಏನು ಮಾಡಿದಿರಿ?

ಮೂರನೇಟಚ್
ಒಂಟಿಕಾಲಿನ ಬಸ್ಕಿ. ಎಂಟೆಂಟರಂತೆ ಮೂರು ಸುತ್ತು, ವಾರಕ್ಕೆರಡು ದಿನ.

ಅರ್ಧಲಾಗ
ಅಷ್ಟೇನಾ? ಹಾಗಾದರೆ ಚರ್ಚೆ ಮುಗಿಯಿತು. ಎಲ್ಲರೂ ಮನೆಗೆ ಹೋಗಿ.

ಕಬ್ಬಿಣದಕಡಲೆ
ಮುಗಿದಿಲ್ಲ, ನನಗೆ ಹೇಳುವುದಿದೆ 😄

ಈ ರಿಂಗ್ಸ್ ಹುಚ್ಚು ನೋಡಿ ನೋಡಿ ಸಾಕಾಗಿದೆ. ಜಿಮ್ನಾಸ್ಟ್‌ಗಳ ತೋಳು ನೋಡಿ ಎಲ್ಲರೂ ಮರುಳಾಗುತ್ತಾರೆ. ಮೈ ಏನನ್ನು ಮಾಡುತ್ತದೋ ಅದಕ್ಕೇ ಹೊಂದಿಕೊಳ್ಳುತ್ತದೆ. ನೇತಾಡಿದರೆ ನೇತಾಡುವುದು ಚೆನ್ನಾಗಿ ಬರುತ್ತದೆ. ಜಿಗಿತ ಬೇಕೆಂದರೆ ಭಾರ ಹೊತ್ತು ಬಸ್ಕಿ ಹೊಡೆಯಬೇಕು, ಆಮೇಲೆ ಜಿಗಿಯಬೇಕು. ಇದರಲ್ಲಿ ಗುಟ್ಟೇನೂ ಇಲ್ಲ.

ಇನ್ನೊಂದು ಮಾತು. ಒಂದೇ ಕೋನದಲ್ಲಿ ಹಿಡಿದು ನಿಲ್ಲುವ ವ್ಯಾಯಾಮದಿಂದ ಬರುವ ಬಲ ಹೆಚ್ಚಾಗಿ ಆ ಕೋನದ ಆಚೀಚೆಯೇ ಉಳಿಯುತ್ತದೆ. ಎಲ್-ಸಿಟ್ ಮಾಡಿದರೆ ಎಲ್-ಸಿಟ್ ಬರುತ್ತದೆ. ವಾಲಿಬಾಲ್ ಕೋರ್ಟಿನಲ್ಲಿ ಯಾರು ಹಾಗೆ ಕೂರುತ್ತಾರೆ?

ಗೋಡೆಹಲ್ಲಿ
@ಕಬ್ಬಿಣದಕಡಲೆ ಕೋರ್ಟಿನಲ್ಲಿ ಬಾರ್‌ಬೆಲ್ ಹೆಗಲ ಮೇಲೆ ಹೊತ್ತು ಯಾರು ಓಡಾಡುತ್ತಾರೆ ಸ್ವಾಮಿ?

ಕಬ್ಬಿಣದಕಡಲೆ
ಒಳ್ಳೇ ಪ್ರಶ್ನೆ, ತಪ್ಪು ಹೋಲಿಕೆ. ಸ್ಕ್ವಾಟ್‌ನಲ್ಲಿ ಸೊಂಟ, ಮಂಡಿ, ಪಾದದ ಗಂಟು ಮೂರೂ ಒಟ್ಟಿಗೆ ನೆಟ್ಟಗಾಗುತ್ತವೆ. ಜಿಗಿತದಲ್ಲೂ ಅದೇ. ಎಲ್-ಸಿಟ್‌ನಲ್ಲಿ ಯಾವುದು ನೆಟ್ಟಗಾಗುತ್ತದೆ?

ಬಿಳಿಅಂಗೈ
ಹನ್ನೊಂದು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದ್ದೇನೆ, ಈಗ ಮಕ್ಕಳಿಗೆ ಕಲಿಸುತ್ತೇನೆ. ಇಬ್ಬರೂ ಅರ್ಧರ್ಧ ಸರಿ ಹೇಳುತ್ತಿದ್ದೀರಿ.

ಮೊದಲು ಒಂದು ಗೊಂದಲ ಬಿಡಿಸೋಣ. ಮೂರನೇಟಚ್ ಅವರು ಮಾಡುತ್ತಿರುವುದು ಜಿಮ್ನಾಸ್ಟಿಕ್ಸ್ ಅಲ್ಲ. ಜಿಮ್ನಾಸ್ಟ್‌ಗಳು ಮೈ ಗಟ್ಟಿಮಾಡಿಕೊಳ್ಳಲು ಮಾಡುವ ಕಸರತ್ತಿನಲ್ಲಿ ಒಂದು ಪಾಲು, ಅದೂ ಮೈಯ ಮೇಲರ್ಧದ್ದು. ನಮಗೆ ಕಾಲಿನ ಬಲ ಬರುವುದು ಬೇರೆ ಕಡೆಯಿಂದ. ಓಡಿಬಂದು ವಾಲ್ಟ್ ಹಲಗೆಗೆ ಕಾಲು ಬಡಿಯುವುದು, ನೆಲದ ಮೇಲೆ ಸಾಲಾಗಿ ಲಾಗ ಹಾಕುವುದು, ಅಷ್ಟೆತ್ತರದಿಂದ ಇಳಿದು ಅಲುಗಾಡದೆ ನಿಲ್ಲುವುದು. ಇವನ್ನು ದಿನಕ್ಕೆ ನೂರಾರು ಸಲ ಮಾಡುತ್ತೇವೆ. ಆ ಭಾಗ ಪೂರ್ತಿ ಬಿಟ್ಟು ರಿಂಗ್ಸ್ ಮಾತ್ರ ಇಟ್ಟುಕೊಂಡರೆ ಜಿಗಿತ ಎಲ್ಲಿಂದ ಬರಬೇಕು?

ಇನ್ನು ಭಾರದ ಲೆಕ್ಕ. ಬಾರ್‌ಬೆಲ್‌ನಲ್ಲಿ ತಟ್ಟೆ ಸೇರಿಸುತ್ತೀರಿ. ನಾವು ದೂರ ಸೇರಿಸುತ್ತೇವೆ. ಫ್ರಂಟ್ ಲಿವರ್ ತೆಗೆದುಕೊಳ್ಳಿ, ಅಂದರೆ ಬಾರ್ ಹಿಡಿದು ಮುಖ ಮೇಲೆ ಮಾಡಿ ಮೈಯನ್ನು ನೆಲಕ್ಕೆ ಸಮವಾಗಿ ಹಿಡಿಯುವುದು. ಮಂಡಿ ಎದೆಗೆ ಮಡಚಿದಾಗ ಮೈಭಾರದ ನಡುಬಿಂದು ಭುಜದ ಹತ್ತಿರ ಇರುತ್ತದೆ. ಕಾಲು ಚಾಚುತ್ತಾ ಹೋದಂತೆ ಅದು ದೂರ ಸರಿಯುತ್ತದೆ. ದೂರ ಎರಡು ಪಟ್ಟಾದರೆ ಭುಜದ ಮೇಲಿನ ಹೊರೆಯೂ ಎರಡು ಪಟ್ಟು. ತೂಕ ಅದೇ, ಹೊರೆ ಬೇರೆ. ಭುಜಕ್ಕೆ, ಬೆನ್ನಿಗೆ, ಹೊಟ್ಟೆಗೆ ಈ ಉಪಾಯ ವರ್ಷಗಟ್ಟಲೆ ನಡೆಯುತ್ತದೆ. ಕಾಲಿಗೆ ಅಷ್ಟು ನಡೆಯುವುದಿಲ್ಲ. ಕಾಲು ಹುಟ್ಟಿನಿಂದಲೇ ಮೈ ಹೊತ್ತು ತಿರುಗುವ ಭಾಗ. ಒಂಟಿಕಾಲಿನ ಬಸ್ಕಿ ಬಂದ ಮೇಲೆ ಮುಂದೇನು ಅನ್ನುವುದಕ್ಕೆ ನಮ್ಮಲ್ಲಿ ದೊಡ್ಡ ಉತ್ತರವಿಲ್ಲ. ಕಬ್ಬಿಣ ಬೇಕು, ಇಲ್ಲವೇ ಜಿಗಿತ ಬೇಕು.

ಮೂರನೇಟಚ್, ನಿಮಗೊಂದು ಪ್ರಶ್ನೆ. ರಿಂಗ್ಸ್ ಮೇಲೆ ಸಪೋರ್ಟ್, ಅಂದರೆ ಉಂಗುರದ ಮೇಲೆ ಕೈಯೂರಿ ಮೈ ಎತ್ತಿ ನಿಲ್ಲುವುದು, ಹೇಗೆ ಹಿಡಿಯುತ್ತೀರಿ? ಉಂಗುರ ಯಾವ ಕಡೆ ತಿರುಗಿರುತ್ತದೆ?

ಮೂರನೇಟಚ್
ಒಳಗಡೆಗೆ ಅನ್ನಿಸುತ್ತದೆ. ದಾರ ತೋಳಿಗೆ ತಾಗುತ್ತಿರುತ್ತದೆ. ಕೈ ಗಡಗಡ ನಡುಗುತ್ತದೆ.

ಬಿಳಿಅಂಗೈ
ಹಾಗಾದರೆ ನಿಮ್ಮ ಟ್ರೇನರ್ ಇನ್ನೂ ಶುರುವೇ ಮಾಡಿಸಿಲ್ಲ 🙂

ದಾರ ತೋಳಿಗೆ ತಾಗಬಾರದು. ಮೊಣಕೈ ಪೂರ್ತಿ ಬೀಗ ಹಾಕಿದಂತೆ ನೆಟ್ಟಗಿರಬೇಕು. ಭುಜ ಕಿವಿಯಿಂದ ದೂರ, ಕೆಳಗೆ ಒತ್ತಿರಬೇಕು. ಆಮೇಲೆ ಹೆಬ್ಬೆರಳು ನಿಧಾನಕ್ಕೆ ಹೊರಗೆ ತಿರುಗಬೇಕು, ಮೊಣಕೈಯ ಒಳಮಡಿಕೆ ಮುಂದಕ್ಕೆ ಕಾಣುವವರೆಗೆ. ಮೊದಲ ಸಲ ಹಾಗೆ ತಿರುಗಿಸಿದಾಗ ಉಂಗುರ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಐದು ಸೆಕೆಂಡ್ ನಿಂತರೆ ದೊಡ್ಡದು. ಒಂದು ದಿನ ತಟ್ಟನೆ ನಡುಕ ನಿಂತುಹೋಗುತ್ತದೆ. ಅವತ್ತು ಭುಜದ ಸುತ್ತಲಿನ ಸಣ್ಣ ಸ್ನಾಯುಗಳು ಒಟ್ಟಿಗೆ ಕೆಲಸ ಮಾಡುವುದನ್ನು ಕಲಿತವು ಅಂತ ಲೆಕ್ಕ.

ಇದು 20 ಸೆಕೆಂಡ್ ಬರುವ ಮೊದಲೇ ರಿಂಗ್ಸ್ ಮೇಲೆ ಡಿಪ್ಸ್ ಮಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀರುಕಾಗೆ
ಈಜುಗಾರನ ಕಡೆಯಿಂದ ಒಂದು ಮಾತು. ನನಗೆ ಇದರಿಂದ ಲಾಭವಾಗಿದೆ. ಆದರೆ ಪುಲ್‌ಅಪ್‌ನಿಂದಲ್ಲ, ಹಾಲೋ ಹೋಲ್ಡ್‌ನಿಂದ.

ಮಲಗಿ, ಸೊಂಟದ ಹಿಂಭಾಗ ನೆಲಕ್ಕೆ ಒತ್ತಿ, ಕೈಕಾಲು ಚಾಚಿ ಸ್ವಲ್ಪ ಮೇಲೆತ್ತುವುದು, ಅಷ್ಟೇ. ಈಗ ಅದನ್ನೇ ಬೋರಲು ಮಾಡಿ ನೀರಿಗೆ ಹಾಕಿ. ಗೋಡೆ ಒದ್ದು ತೇಲಿಕೊಂಡು ಹೋಗುವಾಗಿನ ಭಂಗಿ ಅದೇ. ನನ್ನ ಸೊಂಟ ಯಾವಾಗಲೂ ಬಾಳೆಹಣ್ಣಿನ ಹಾಗೆ ಬಾಗಿ, ಕಾಲು ಕೆಳಗೆ ಇಳಿದುಬಿಡುತ್ತಿತ್ತು. ಕೋಚ್ "ಸೊಂಟ ನೆಟ್ಟಗೆ, ಸೊಂಟ ನೆಟ್ಟಗೆ" ಅಂತ ಎರಡು ವರ್ಷ ಕೂಗಿದರು. ನನಗೆ ಹಾಗೆಂದರೇನು ಅಂತಲೇ ಗೊತ್ತಿರಲಿಲ್ಲ. ನೆಲದ ಮೇಲೆ ಆರು ವಾರ ಹಾಲೋ ಮಾಡಿದ ಮೇಲೆ ಮೈಗೆ ಅರ್ಥವಾಯಿತು. ಈಗ ಒಂದು ಒದೆತಕ್ಕೆ ಮೊದಲಿಗಿಂತ ಒಂದು ಮೈಯುದ್ದ ಜಾಸ್ತಿ ಹೋಗುತ್ತೇನೆ.

ಪುಲ್‌ಅಪ್ 8 ಇದ್ದದ್ದು 15 ಆಯಿತು. ಸಮಯ ಏನೂ ಬದಲಾಗಲಿಲ್ಲ.

ಕಬ್ಬಿಣದಕಡಲೆ
ಅದು ಬಲ ಅಲ್ಲ, ಭಂಗಿ ಕಲಿತದ್ದು. ನಾನು ಹೇಳುತ್ತಿರುವುದೂ ಅದನ್ನೇ!

ನೀರುಕಾಗೆ
ಆ ಭಂಗಿಯನ್ನು ಆಯಾಸದಲ್ಲೂ ಹಿಡಿಯಲು ಬಲ ಬೇಡವಾ?

ಸುಮ್ನೆಓದುವವ
ಪೋಲ್ ವಾಲ್ಟ್‌ನ ಇಸಿನ್‌ಬಾಯೆವಾ ಮೊದಲು ಜಿಮ್ನಾಸ್ಟ್ ಆಗಿದ್ದವರು. 5.01 ಮೀಟರ್ ವಿಶ್ವದಾಖಲೆ. ಇದಕ್ಕಿಂತ ಸಾಕ್ಷಿ ಬೇಕಾ?

ಗೋಡೆಹಲ್ಲಿ
5.01 ಹಾರಿದ್ದು 2005ರಲ್ಲಿ. ಆಮೇಲೆ 2009ರಲ್ಲಿ ಜ್ಯೂರಿಚ್‌ನಲ್ಲಿ 5.06 ಹಾರಿದರು. ವಿಶ್ವದಾಖಲೆ ಅಂದರೆ ಅದು.

ಕಬ್ಬಿಣದಕಡಲೆ
ಅವರು ಐದನೇ ವಯಸ್ಸಿಗೆ ಜಿಮ್ನಾಸ್ಟಿಕ್ಸ್ ಶುರುಮಾಡಿ, ಹದಿನೈದಕ್ಕೆ ಎತ್ತರ ಜಾಸ್ತಿಯಾಯಿತು ಅಂತ ಬಿಟ್ಟವರು. ಹತ್ತು ವರ್ಷ! ಅದೂ ಬಾಲ್ಯದಲ್ಲಿ. ಇಲ್ಲಿ ಕೇಳುತ್ತಿರುವವರು 31 ವರ್ಷದವರು, ಮೂರು ತಿಂಗಳು ಮಾಡಿದವರು. ಎತ್ತಣ ಮಾಮರ ಎತ್ತಣ ಕೋಗಿಲೆ.

ಬಿಳಿಅಂಗೈ
ಈ ಒಂದು ಸಲ ಕಡಲೆಯವರ ಪಕ್ಷ ನಾನು. ಪೋಲ್ ವಾಲ್ಟ್ ಕೂಡ ನೆಂಟಸ್ತಿಕೆಯ ಆಟ. ಕೋಲು ಬಾಗಿ ಎದ್ದಾಗ ತಲೆಕೆಳಗಾಗಿ ಕಾಲು ಮೇಲೆ ಹೋಗಬೇಕು, ಆಮೇಲೆ ಮೈ ತಿರುಗಿಸಿ ಅಡ್ಡಪಟ್ಟಿ ದಾಟಬೇಕು. ಹೈಬಾರ್ ಮೇಲೆ ಮಾಡುವುದಕ್ಕೆ ಇದು ಹತ್ತಿರ. ತಲೆಕೆಳಗಾದಾಗ ಎಲ್ಲಿದ್ದೇನೆ ಅನ್ನುವ ಅರಿವು ಆಗಲೇ ಇದ್ದವರಿಗೆ ಅರ್ಧ ದಾರಿ ಮುಗಿದಂತೆ. ವಾಲಿಬಾಲ್‌ಗೆ ಅಷ್ಟು ನೇರ ಸಂಬಂಧ ಇಲ್ಲ.

ಗೋಡೆಹಲ್ಲಿ
ಬಂಡೆ ಹತ್ತುವವರ ಕಥೆ ಕೇಳಿ, ಅಲ್ಲಿ ಸಂಬಂಧ ಚೆನ್ನಾಗಿದೆ. ಜಾನ್ ಗಿಲ್ ಅಂತ ಒಬ್ಬರು ಅಮೆರಿಕದವರು, ಕಾಲೇಜಿನಲ್ಲಿ ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದರು, ಹಗ್ಗ ಹತ್ತುತ್ತಿದ್ದರು. 1950ರ ದಶಕದಲ್ಲಿ ಅದನ್ನೆಲ್ಲ ಹೊತ್ತುಕೊಂಡು ಬಂಡೆಯ ಹತ್ತಿರ ಬಂದರು. ಬಂಡೆ ಹತ್ತುವವರ ಕೈಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಬಂದದ್ದೇ ಅವರಿಂದ. ಮೈ ಬೀಸಿ ಹಾರಿ ಹಿಡಿಯುವ ಶೈಲಿಯನ್ನೂ ಅವರೇ ತಂದರು. ಅದಕ್ಕೂ ಮೊದಲು ಮೂರು ಕೈಕಾಲು ಗಟ್ಟಿಯಾಗಿಟ್ಟು ಒಂದನ್ನು ಸರಿಸು ಅನ್ನುವುದೇ ನಿಯಮ. ಒಂಟಿ ಕೈಯಲ್ಲಿ ಫ್ರಂಟ್ ಲಿವರ್ ಹಿಡಿಯುತ್ತಿದ್ದರು ಪುಣ್ಯಾತ್ಮ. ಹೊಟ್ಟೆಪಾಡಿಗೆ ಗಣಿತದ ಪ್ರೊಫೆಸರ್.

ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾನು ಫ್ರಂಟ್ ಲಿವರ್ ಕಲಿಯಲು ಒಂದು ವರ್ಷ ಹಾಕಿದೆ. ನಮ್ಮ ಮೇಲೆ ವಾಲಿದ ಗೋಡೆಯಲ್ಲಿ ಕಾಲು ಕಿತ್ತುಹೋಗುವುದು ಕಡಿಮೆಯಾಯಿತು, ನಿಜ. ಆದರೆ ನನ್ನ ದರ್ಜೆ ಏರಿದ್ದು ಬೆರಳ ಬಲ ಬಂದ ಮೇಲೆ. ರಿಂಗ್ಸ್ ದಪ್ಪಗಿರುತ್ತದೆ, ಮುಷ್ಟಿ ತುಂಬ ಹಿಡಿಯುತ್ತೀರಿ. ಬಂಡೆಯಲ್ಲಿ ಸಿಗುವುದು ಬೆರಳ ತುದಿಯಷ್ಟು ಅಂಚು. ಅದನ್ನು ರಿಂಗ್ಸ್ ಕಲಿಸುವುದಿಲ್ಲ.

ಅರ್ಧಲಾಗ
ಆ ಪುಡಿ ಸೀಮೆಸುಣ್ಣ ಅಲ್ವಾ? ನಾನು ಒಮ್ಮೆ ಕಪ್ಪುಹಲಗೆಯ ಸೀಮೆಸುಣ್ಣ ಪುಡಿಮಾಡಿ ಹಚ್ಚಿಕೊಂಡು ಬಾರ್ ಹಿಡಿದಿದ್ದೆ.

ಬಿಳಿಅಂಗೈ
ಅಯ್ಯೋ. ಆಮೇಲೆ?

ಅರ್ಧಲಾಗ
ಆಮೇಲೆ ನೆಲ.

ಮಣ್ಣುಮೈ
ಕುಸ್ತಿಯವನು ನಾನು. ಹಗ್ಗ ಹತ್ತುವುದರ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಕಾಲು ಬಳಸದೆ, ಕೈಯಲ್ಲೇ ಹತ್ತಬೇಕು. ಹಿಡಿತ, ಬೆನ್ನು, ಹೊಟ್ಟೆ ಮೂರೂ ಒಂದೇ ಕೆಲಸದಲ್ಲಿ. ಎದುರಾಳಿಯ ಮಣಿಕಟ್ಟು ಹಿಡಿದು ಎಳೆಯುವಾಗ ಇದೇ ಬೇಕು. ನನಗೆ ಇದರಿಂದ ಬಂದಷ್ಟು ಲಾಭ ಬೇರೆ ಯಾವುದರಿಂದಲೂ ಬಂದಿಲ್ಲ.

ಗೊತ್ತಾ, ಹಗ್ಗ ಹತ್ತುವುದು ಒಲಿಂಪಿಕ್ಸ್‌ನಲ್ಲೂ ಇತ್ತು. 1896ರ ಅಥೆನ್ಸ್‌ನಲ್ಲಿ 14 ಮೀಟರ್ ಹಗ್ಗ. ಐದು ಜನ ಇಳಿದಿದ್ದರು, ತುದಿ ಮುಟ್ಟಿದ್ದು ಇಬ್ಬರೇ. 1932ರ ನಂತರ ತೆಗೆದುಹಾಕಿದರು.

ನೀರುಕಾಗೆ
1904ರಲ್ಲಿ ಮರದ ಕಾಲಿನವರೊಬ್ಬರು ಗೆದ್ದಿದ್ದರು ಅಲ್ವಾ?

ಮಣ್ಣುಮೈ
ಹೌದು, ಜಾರ್ಜ್ ಐಸರ್. ರೈಲು ಅಪಘಾತದಲ್ಲಿ ಎಡಗಾಲು ಕಳೆದುಕೊಂಡಿದ್ದವರು. ಸೇಂಟ್ ಲೂಯಿಸ್‌ನಲ್ಲಿ ಒಂದೇ ದಿನ ಆರು ಪದಕ, ಮೂರು ಚಿನ್ನ. ಹಗ್ಗ, ಪ್ಯಾರಲಲ್ ಬಾರ್, ಇನ್ನೊಂದು ವಾಲ್ಟ್. ವಾಲ್ಟ್! ಮರದ ಕಾಲಲ್ಲಿ!

ಅರ್ಧಲಾಗ
ಹಾಗಾದರೆ ಕಾಲಿಗೆ ಬಾರ್‌ಬೆಲ್ ಬೇಕೇಬೇಕು ಅನ್ನುವ ಕಡಲೆಯವರ ವಾದ ಬಿದ್ದುಹೋಯಿತು.

ಕಬ್ಬಿಣದಕಡಲೆ
😑

ಬಿಳಿಅಂಗೈ
ಹೇಗೂ ದಾರಿ ತಪ್ಪಿದ್ದೇವೆ, ನನ್ನದೂ ಒಂದಿರಲಿ. ಪ್ಯಾರಲಲ್ ಬಾರ್ ಹುಟ್ಟಿದ್ದೇ ಬೇರೊಂದಕ್ಕೆ ಸಹಾಯ ಮಾಡಲು. 1811ರಲ್ಲಿ ಬರ್ಲಿನ್ ಹತ್ತಿರದ ಹಾಸೆನ್‌ಹೈಡೆಯಲ್ಲಿ ಯಾನ್ ಅನ್ನುವವರು ಬಯಲಿನಲ್ಲಿ ಕಸರತ್ತಿನ ಮೈದಾನ ತೆರೆದರು. ಮರದ ಕುದುರೆಯ ಮೇಲೆ ಕಸರತ್ತು ಮಾಡುವವರಿಗೆ ತೋಳು ಗಟ್ಟಿಯಾಗಲಿ ಅಂತ ಪ್ಯಾರಲಲ್ ಬಾರ್ ತಂದರು. ಆಮೇಲೆ ಅದೇ ಒಂದು ಸ್ಪರ್ಧೆಯಾಯಿತು. ಇವತ್ತು ನಾವು ಕೇಳುತ್ತಿರುವ ಪ್ರಶ್ನೆಯನ್ನು ಅವತ್ತೂ ಯಾರೋ ಕೇಳಿರುತ್ತಾರೆ: "ಇದರಿಂದ ಕುದುರೆ ಮೇಲಿನ ಆಟ ಸುಧಾರಿಸುತ್ತದಾ?"

ನಿರ್ವಾಹಕ
ಇತಿಹಾಸ ಚೆನ್ನಾಗಿದೆ. ಪ್ರಶ್ನೆ ಕೇಳಿದವರು ಇನ್ನೂ 58ರಲ್ಲೇ ನಿಂತಿದ್ದಾರೆ. ವಿಷಯಕ್ಕೆ ಬನ್ನಿ.

ಬಿದಿರುಕಡ್ಡಿ
ಎತ್ತರದವರ ಪರವಾಗಿ ಒಂದು ಮಾತು. ನಾನು 1.93 ಮೀಟರ್. ರಿಂಗ್ಸ್ ನಮ್ಮಂಥವರಿಗೆ ಮಾಡಿದ್ದಲ್ಲ. ಮೇಲೆ ಬಿಳಿಅಂಗೈ ಅವರು ಹೇಳಿದ ದೂರದ ಲೆಕ್ಕ ನೋಡಿ. ನಮಗೆ ಕಾಲು ಉದ್ದ, ತೋಳು ಉದ್ದ, ತೂಕವೂ ಜಾಸ್ತಿ. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 1.42 ಮೀಟರ್. ಎಲ್ಲ ಕಡೆ ಒಂದೇ ಅಳತೆಯಲ್ಲಿ ಮೈ ಹಿಗ್ಗಿದರೆ ಬಲ ಕೊಡುವ ಸ್ನಾಯುವಿನ ದಪ್ಪ ಎರಡು ದಿಕ್ಕಿನಲ್ಲಿ ಬೆಳೆಯುತ್ತದೆ, ತೂಕ ಮೂರು ದಿಕ್ಕಿನಲ್ಲಿ. ಲೆಕ್ಕವೇ ನಮ್ಮ ವಿರುದ್ಧ.

ನನ್ನ ತಂಡದಲ್ಲಿ 1.68ರ ಹುಡುಗನೊಬ್ಬ ಎರಡು ವಾರದಲ್ಲಿ ಮಸಲ್‌ಅಪ್ (ನೇತಾಡುತ್ತಾ ಎಳೆದು ಮೈಯನ್ನು ಕೈಯ ಮೇಲಕ್ಕೆ ಏರಿಸುವುದು) ಮಾಡಿ ಎಲ್ಲರ ಮುಂದೆ ಮೆರೆದ. ನನಗೆ ಹದಿನಾಲ್ಕು ತಿಂಗಳು ಬೇಕಾಯಿತು. ಅವನು ಬ್ಲಾಕ್‌ನಲ್ಲಿ ನನ್ನ ಮೊಣಕೈವರೆಗೂ ಬರುವುದಿಲ್ಲ, ಅದು ಬೇರೆ ಮಾತು.

ಮೂರನೇಟಚ್ ಅವರೇ, 84 ಕೆಜಿಯಲ್ಲಿ 13 ಪುಲ್‌ಅಪ್ ಸಣ್ಣದಲ್ಲ. ಪೂರ್ತಿ ತೋಳು ಚಾಚಿ ತಾನೆ?

ಮೂರನೇಟಚ್
ಪೂರ್ತಿ. ಟ್ರೇನರ್ ಕೆಳಗೆ ನಿಂತು ಎಣಿಸುತ್ತಾರೆ. ಅರ್ಧ ಇಳಿದರೆ ಎಣಿಕೆಯನ್ನೇ ನಿಲ್ಲಿಸುತ್ತಾರೆ.

ಅರ್ಧಲಾಗ
ಕ್ರಾಸ್‌ಫಿಟ್‌ನವರ ಹಾಗೆ ಮೈ ಬೀಸಿ ಮಾಡಿದರೆ 30 ಆಗುತ್ತದೆ.

ಬಿಳಿಅಂಗೈ
ಆ ಜಗಳ ಇಲ್ಲಿ ಬೇಡ, ದಯವಿಟ್ಟು. ಬೀಸುವುದು ತಪ್ಪಲ್ಲ. ಬೀಸದೆ ಐದಾರು ಬಾರದವರು ಬೀಸಬಾರದು, ಅಷ್ಟೇ.

ಬೆನ್ನೆಲುಬು
ಕ್ರೀಡಾಪಟುಗಳ ಫಿಸಿಯೊ ಆಗಿ ಕೆಲಸ ಮಾಡುತ್ತೇನೆ. ಎರಡು ದಿನದಿಂದ ಓದುತ್ತಿದ್ದೇನೆ. ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ: ಮೂರನೇಟಚ್, ಮೂರು ತಿಂಗಳ ಹಿಂದೆ ನಿಮ್ಮ ಸ್ಮ್ಯಾಶ್ ಹೊಡೆಯುವ ಭುಜ ಹೇಗಿತ್ತು? ಈಗ ಹೇಗಿದೆ?

ಮೂರನೇಟಚ್
ಮೇಡಂ, ನೀವು ಕೇಳಿದ ಮೇಲೆ ಹೊಳೆಯಿತು. ಮೊದಲು ಪಂದ್ಯ ಮುಗಿದ ರಾತ್ರಿ ಬಲ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಭುಜದ ಮುಂಭಾಗ ಚುಚ್ಚುತ್ತಿತ್ತು. ಅಂಗಿ ಬಿಚ್ಚುವಾಗ ಎಡಗೈ ಸಹಾಯ ಬೇಕಾಗುತ್ತಿತ್ತು. ಎರಡು ವರ್ಷದಿಂದ ಅಭ್ಯಾಸವಾಗಿ ಅದನ್ನು ನೋವು ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಈಗ... ಯಾವಾಗ ಹೋಯಿತು ಅಂತ ನೆನಪಿಲ್ಲ. ಹೋಗಿದೆ. ಕಳೆದ ಪಂದ್ಯ ಐದನೇ ಸೆಟ್‌ವರೆಗೆ ಹೋಯಿತು, ಕೊನೆಯವರೆಗೂ ಪೂರ್ತಿ ಬಲದಿಂದ ಹೊಡೆದೆ.

ಗೋಡೆಹಲ್ಲಿ
ಇದನ್ನು ಮೊದಲ ಪೋಸ್ಟಿನಲ್ಲೇ ಹಾಕಬೇಕಿತ್ತು ಗುರುವೇ!!

ಬೆನ್ನೆಲುಬು
ನನಗೆ ಆಶ್ಚರ್ಯವಿಲ್ಲ. ಜಿಗಿತವನ್ನು ಗೋಡೆಯ ಮೇಲೆ ಅಳೆಯಬಹುದು. ಬಾರದೆ ಹೋದ ನೋವನ್ನು ಯಾರೂ ಅಳೆಯುವುದಿಲ್ಲ. ಬಾರ್‌ಬೆಲ್ ಬೆಂಚ್ ನಿಲ್ಲಿಸಿದ್ದೂ ಸ್ವಲ್ಪ ಕಾರಣವಿರಬಹುದು, ಎಲ್ಲ ಪುಣ್ಯವನ್ನೂ ರಿಂಗ್ಸ್‌ಗೇ ಕೊಡಬೇಡಿ.

ಒಂದು ಸೂಕ್ಷ್ಮ ಇದೆ. ರಿಂಗ್ಸ್ ಸಪೋರ್ಟ್‌ನಲ್ಲಿ ಭುಜ ಕೆಳಗೆ ಒತ್ತುತ್ತದೆ. ಸ್ಮ್ಯಾಶ್‌ನಲ್ಲಿ ಕೈ ತಲೆಯ ಮೇಲಿರುತ್ತದೆ, ಹೆಗಲ ಹಲಗೆಯ ಮೂಳೆ ಮೇಲಕ್ಕೆ ತಿರುಗಬೇಕು. ಅದನ್ನು ಕಲಿಸುವುದು ಹ್ಯಾಂಡ್‌ಸ್ಟ್ಯಾಂಡ್. ನೆಲವನ್ನು ದೂರ ತಳ್ಳಿ, ಭುಜ ಕಿವಿಗೆ ತಾಗುವಂತೆ. ಎರಡರಲ್ಲಿ ಒಂದನ್ನು ಬಿಡಬೇಕು ಅಂದರೆ ವಾಲಿಬಾಲ್, ಬ್ಯಾಡ್ಮಿಂಟನ್‌ನವರು ಹ್ಯಾಂಡ್‌ಸ್ಟ್ಯಾಂಡ್ ಉಳಿಸಿಕೊಳ್ಳಿ ಅನ್ನುತ್ತೇನೆ. ಈಜುಗಾರರಲ್ಲಿ ಅನೇಕರ ಭುಜ ಮೊದಲೇ ಸಡಿಲ. ಕೈ ಹಿಂದೆ ತಿರುಗಿಸಿ ನೇತಾಡುವ ಜರ್ಮನ್ ಹ್ಯಾಂಗ್ ಅಂಥವರಿಗೆ ಬೇಡ. ನೀರುಕಾಗೆ, ನಿಮಗೇ ಹೇಳಿದ್ದು.

ಇನ್ನೊಂದು, ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು. ಸ್ನಾಯು ವಾರಗಳಲ್ಲಿ ಬಲವಾಗುತ್ತದೆ, ಟೆಂಡನ್‌ಗೆ ತಿಂಗಳುಗಳು ಬೇಕು. ಮೊಣಕೈ ನೆಟ್ಟಗಿಟ್ಟು ಮಾಡುವ ಕಸರತ್ತಿನಲ್ಲಿ ಮೊಣಕೈಯ ಟೆಂಡನ್ ಮೇಲೆ ದೊಡ್ಡ ಹೊರೆ ಬೀಳುತ್ತದೆ. ಪ್ಲಾಂಚ್ (ಕೈಯೂರಿ ಮೈಯನ್ನು ನೆಲಕ್ಕೆ ಸಮವಾಗಿ ಹಿಡಿಯುವುದು), ಕ್ರಾಸ್ (ರಿಂಗ್ಸ್ ಮೇಲೆ ತೋಳು ಪಕ್ಕಕ್ಕೆ ಚಾಚಿ ನಿಲ್ಲುವುದು) ಅಂತ ವೀಡಿಯೊ ನೋಡಿ ಮೂರನೇ ತಿಂಗಳಿಗೇ ಹಾರಬೇಡಿ. "ಬಲ ಇದೆ, ಆದರೂ ಮೊಣಕೈ ನೋವು" ಅಂತ ನನ್ನ ಹತ್ತಿರ ಬರುವವರು ಬಹಳ ಜನ.

ವೇಗಿ
ಮೇಡಂ, ನಾನು ವೇಗದ ಬೌಲರ್. ನಮ್ಮ ಕಡೆ ಒಬ್ಬ ಟ್ರೇನರ್ ಎಲ್ಲರಿಗೂ ಬೆನ್ನು ಕಮಾನು ಮಾಡಿಸುತ್ತಾರೆ, ಬ್ರಿಡ್ಜ್. ಮೈ ಬಾಗಿದಷ್ಟೂ ವೇಗ ಜಾಸ್ತಿ ಅನ್ನುತ್ತಾರೆ. ಒಳ್ಳೆಯದಾ?

ಬೆನ್ನೆಲುಬು
ವಯಸ್ಸೆಷ್ಟು? ಸೊಂಟದಲ್ಲಿ ನೋವಿದೆಯಾ?

ವೇಗಿ
18. ಬೌಲಿಂಗ್ ಮಾಡಿದ ಮಾರನೇ ದಿನ ಎಡಭಾಗದಲ್ಲಿ ಹಿಡಿದುಕೊಳ್ಳುತ್ತದೆ. ಬಲಗೈ ಬೌಲರ್.

ಬೆನ್ನೆಲುಬು
ಹಾಗಾದರೆ ಕಮಾನು ಇವತ್ತೇ ನಿಲ್ಲಿಸಿ. ಡಾಕ್ಟರಿಗೆ ತೋರಿಸಿ, ಸ್ಟ್ರೆಸ್ ಫ್ರ್ಯಾಕ್ಚರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಸುಮ್ನೆ ಹೆದರಿಸುತ್ತಿಲ್ಲ. ಕೆಳಬೆನ್ನಿನ ಮೂಳೆಯಲ್ಲಿ ಹೀಗೆ ಬಿರುಕು ಬಿಡುವುದು ಎರಡು ಗುಂಪಿನಲ್ಲಿ ಜಾಸ್ತಿ: ಜಿಮ್ನಾಸ್ಟ್‌ಗಳು, ಹದಿಹರೆಯದ ವೇಗದ ಬೌಲರ್‌ಗಳು. ಬೌಲರ್‌ಗಳಲ್ಲಿ ಅದು ಸಾಮಾನ್ಯವಾಗಿ ಎಸೆಯುವ ಕೈಯ ಎದುರು ಬದಿಯಲ್ಲಿ ಆಗುತ್ತದೆ. ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗಿ, ಅದೇ ಹೊತ್ತಿಗೆ ಮುಂಗಾಲಿನ ಮೇಲೆ ಧೊಪ್ಪನೆ ಇಳಿಯುವುದು. ಇಷ್ಟು ಸಾಲದೆಂದು ಮೇಲೊಂದು ಕಮಾನು ಯಾಕೆ?

ಹಾಲೋ ಹೋಲ್ಡ್, ಪಕ್ಕಕ್ಕೆ ಮಲಗಿ ಹಿಡಿಯುವ ಪ್ಲ್ಯಾಂಕ್, ನೇತಾಡುವುದು, ಇವನ್ನೂ ಡಾಕ್ಟರ್ ನೋಡಿ ಒಪ್ಪಿದ ಮೇಲೆ ಮಾಡಿ.

ವೇಗಿ
ಆಯಿತು ಮೇಡಂ. ನಾಳೆಯೇ ಹೋಗುತ್ತೇನೆ.

ಕಬ್ಬಿಣದಕಡಲೆ
ಇದನ್ನು ಎಲ್ಲರೂ ಎರಡು ಸಲ ಓದಿ. "ದೇಹದ ತೂಕ ಮಾತ್ರ, ಹಾಗಾಗಿ ಅಪಾಯವಿಲ್ಲ" ಅನ್ನುವವರು ಮೂರು ಸಲ.

ಚಿಕ್ಕಹೆಜ್ಜೆ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮಗಳಿಗೆ ಒಂಬತ್ತು ವರ್ಷ, ಫುಟ್‌ಬಾಲ್ ಹುಚ್ಚು. ಜೊತೆಗೆ ಜಿಮ್ನಾಸ್ಟಿಕ್ಸ್‌ಗೂ ಸೇರಿಸಲಾ? ಕುಳ್ಳಗಾಗುತ್ತಾರೆ ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ.

ಬಿಳಿಅಂಗೈ
ಸೇರಿಸಿ ಅಕ್ಕ. ವಾರಕ್ಕೆ ಎರಡು ದಿನ ಆಟದ ಹಾಗೆ ಮಾಡಿದರೆ ಯಾರೂ ಕುಳ್ಳಗಾಗುವುದಿಲ್ಲ. ಕುಳ್ಳಗಿರುವವರಿಗೆ ಈ ಆಟ ಸುಲಭ, ಅದಕ್ಕೇ ಮೇಲಿನ ಮಟ್ಟದಲ್ಲಿ ಅವರೇ ಕಾಣುತ್ತಾರೆ. ಬಿದಿರುಕಡ್ಡಿಯವರ ಅಳಲು ಮೇಲೆ ಓದಿದಿರಲ್ಲ.

ಈ ವಯಸ್ಸಿಗೆ ದೊಡ್ಡ ಲಾಭ ಬಲವಲ್ಲ, ಬೀಳುವುದನ್ನು ಕಲಿಯುವುದು. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ತಿಂಗಳು ಉರುಳುವುದನ್ನೇ ಕಲಿಸುತ್ತೇನೆ. ಗದ್ದ ಎದೆಗೆ, ಕೈ ಚಾಚಿ ನೆಲಕ್ಕೆ ಊರದೆ, ಬೆನ್ನು ಚೆಂಡಿನ ಹಾಗೆ ಮಾಡಿ. ಮೈದಾನದಲ್ಲಿ ಯಾರೋ ಕಾಲು ಅಡ್ಡ ಹಾಕಿದಾಗ ಆ ಮಗು ಉರುಳಿ ಎದ್ದು ಓಡುತ್ತದೆ. ಉರುಳಲು ಬಾರದ ಮಗು ಕೈ ಊರಿ ಮಣಿಕಟ್ಟು ಮುರಿದುಕೊಳ್ಳುತ್ತದೆ.

ಬೆನ್ನೆಲುಬು
ಒಂದೇ ಎಚ್ಚರಿಕೆ. ಕೈ ಮೇಲೆ ಭಾರ ಹಾಕುವ ಕಸರತ್ತು ಜಾಸ್ತಿಯಾಗಿ ಮಣಿಕಟ್ಟು ನೋವು ಅಂದರೆ "ಸಹಿಸಿಕೋ" ಅನ್ನಬೇಡಿ. ಮಕ್ಕಳಲ್ಲಿ ಮೂಳೆ ಬೆಳೆಯುವ ಜಾಗ ಅಲ್ಲೇ ಇರುತ್ತದೆ. ವಿಶ್ರಾಂತಿ ಕೊಟ್ಟು ತೋರಿಸಿ.

ಚಿಕ್ಕಹೆಜ್ಜೆ
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮನೆಯಲ್ಲಿ ಈ ಪುಟವನ್ನೇ ತೋರಿಸುತ್ತೇನೆ.

ಸುಮ್ನೆಓದುವವ
ದೂರ ಓಡುವವರಿಗೆ?

ಕಬ್ಬಿಣದಕಡಲೆ
ಹೆಗಲು ದಪ್ಪ ಮಾಡಿಕೊಂಡು 42 ಕಿಲೋಮೀಟರ್ ಹೊತ್ತುಕೊಂಡು ಓಡುತ್ತೀರಾ?

ಬಿಳಿಅಂಗೈ
ಹಾಲೋ ಮಾಡಿ, ಪಾದದ ಕಸರತ್ತು ಮಾಡಿ, ಮಸಲ್‌ಅಪ್ ಮರೆತುಬಿಡಿ. ಕಡಲೆಯವರು ಒರಟಾಗಿ ಹೇಳಿದರೂ ಸರಿ ಹೇಳಿದರು.

ಮೂರನೇಟಚ್
ಎಲ್ಲ ಓದಿದೆ. ನಿನ್ನೆ ಟ್ರೇನರ್ ಜೊತೆ ಕೂತು ಮಾತಾಡಿದೆ. ಈ ಚರ್ಚೆ ತೋರಿಸಲಿಲ್ಲ, ಧೈರ್ಯ ಬರಲಿಲ್ಲ. ಕಾಲಿಗೆ ಭಾರ ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನಾನೇ ಹೇಳಬೇಕಿತ್ತು" ಎಂದರು. ಅವರ ಕಾಲದಲ್ಲಿ ದಿನವೂ ಲಾಗ ಹಾಕುತ್ತಿದ್ದರಿಂದ ಕಾಲಿಗೆ ಬೇರೆ ಏನೂ ಬೇಕು ಅಂತ ಅನ್ನಿಸಿರಲೇ ಇಲ್ಲವಂತೆ.

ಈಗ ಹೀಗೆ: ಎರಡು ದಿನ ರಿಂಗ್ಸ್, ಹ್ಯಾಂಡ್‌ಸ್ಟ್ಯಾಂಡ್. ಎರಡು ದಿನ ಭಾರದ ಸ್ಕ್ವಾಟ್, ಡಬ್ಬದ ಮೇಲೆ ಜಿಗಿಯುವುದು, ಮಂಡಿಯೂರಿ ಹಿಮ್ಮಡಿ ಹಿಡಿಸಿಕೊಂಡು ಮುಂದಕ್ಕೆ ನಿಧಾನ ಬಾಗುವ ನಾರ್ಡಿಕ್.

ಕಬ್ಬಿಣದಕಡಲೆ
ನಾರ್ಡಿಕ್‌ಗೆ ಬಾರ್‌ಬೆಲ್ ಬೇಡ, ಆದರೂ ನನ್ನ ಮೆಚ್ಚುಗೆ ಇದೆ. ಫುಟ್‌ಬಾಲ್‌ನವರಲ್ಲಿ ತೊಡೆ ಹಿಂದಿನ ಸ್ನಾಯು ಹರಿಯುವುದನ್ನು ಸುಮಾರು ಅರ್ಧಕ್ಕೆ ಇಳಿಸಿದ ಕಸರತ್ತು ಅದು. ಮೊದಲ ವಾರ ಎರಡು ಸುತ್ತಿಗಿಂತ ಜಾಸ್ತಿ ಮಾಡಬೇಡಿ, ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಬಿದಿರುಕಡ್ಡಿ
ಜಿಗಿಯುವಾಗ ತೋಳು ಬೀಸುವುದನ್ನೂ ಗಮನಿಸಿ. ಎತ್ತರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಅದರಿಂದಲೇ ಬರುತ್ತದೆ. ಭುಜದ ನೋವಿದ್ದಾಗ ಪೂರ್ತಿ ಬೀಸಿರುವುದಿಲ್ಲ ನೀವು, ಹಳೇ ಅಭ್ಯಾಸ ಹಾಗೇ ಉಳಿದಿರಬಹುದು.

ಮೂರನೇಟಚ್
ಒಂಬತ್ತು ವಾರ ಕಳೆದು ಬಂದಿದ್ದೇನೆ.

ಜಿಗಿತ 62. ಪುಲ್‌ಅಪ್ 12, ಒಂದು ಇಳಿಯಿತು, ತೂಕ ಒಂದೂವರೆ ಕೆಜಿ ಏರಿದೆ. ಭುಜ ಚೆನ್ನಾಗಿದೆ. ರಿಂಗ್ಸ್ ಹೊರಗೆ ತಿರುಗಿಸಿ 15 ಸೆಕೆಂಡ್, ದಾರ ತೋಳಿಗೆ ತಾಗುವುದಿಲ್ಲ. ಬಿದಿರುಕಡ್ಡಿಯವರು ಹೇಳಿದ್ದು ಸರಿ. ವೀಡಿಯೊ ತೆಗೆದು ನೋಡಿದರೆ ಬಲಗೈ ಕಿವಿಯ ಹತ್ತಿರವೇ ನಿಂತುಬಿಡುತ್ತಿತ್ತು, ಎಡಗೈ ಮಾತ್ರ ಮೇಲೆ ಹೋಗುತ್ತಿತ್ತು. ಮೂರು ದಿನ ಬರೀ ತೋಳು ಬೀಸಿ ಜಿಗಿದೆ.

ಕಬ್ಬಿಣದಕಡಲೆ
ನಾಲ್ಕು ಸೆಂಟಿಮೀಟರ್! ಸ್ಕ್ವಾಟ್‌ಗೆ ಜೈ.

ನೀರುಕಾಗೆ
ಅಥವಾ ತೋಳಿಗೆ ಜೈ. ಅಥವಾ ನೋವಿಲ್ಲದ ಭುಜಕ್ಕೆ.

ಕಬ್ಬಿಣದಕಡಲೆ
ಎರಡು ಸೆಂಟಿಮೀಟರ್ ನಿಮಗೆ, ಎರಡು ನನಗೆ. ಆಯಿತಾ?

ವೇಗಿ
ಮೇಡಂ, ಸ್ಕ್ಯಾನ್ ಆಯಿತು. ಬಿರುಕು ಶುರುವಾಗುವ ಹಂತದಲ್ಲಿತ್ತಂತೆ. ಮೂರು ತಿಂಗಳು ಬೌಲಿಂಗ್ ಇಲ್ಲ. ನೀವು ಹೇಳದಿದ್ದರೆ ಹೋಗುತ್ತಿರಲಿಲ್ಲ.

ಬೆನ್ನೆಲುಬು
ಬೇಗ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು. ಆ ಡಾಕ್ಟರ್ ಹೇಳಿದ ದಿನಕ್ಕಿಂತ ಒಂದು ದಿನ ಮೊದಲೂ ಚೆಂಡು ಮುಟ್ಟಬೇಡಿ.

ಅರ್ಧಲಾಗ
ಎಲ್ಲರೂ ಇದ್ದೀರಿ, ಒಂದು ಸಣ್ಣ ಪ್ರಶ್ನೆ. ನಿನ್ನೆ ಬಾರ್ ಮೇಲೆ ಅಂಗೈ ಚರ್ಮ ಒಂದು ನಾಣ್ಯದಷ್ಟು ಕಿತ್ತು ಬಂತು. ಸರಿಯಾದ ಪುಡಿಯನ್ನೇ ಹಚ್ಚಿದ್ದೆ, ದೇವರಾಣೆ. ಏನು ಮಾಡಲಿ?

ಬಿಳಿಅಂಗೈ
ಜೋತಾಡುವ ಚರ್ಮವನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ಸೋಪು ನೀರಲ್ಲಿ ತೊಳೆಯಿರಿ. ಉರಿಯುತ್ತದೆ, ಕೂಗಿ. ಒಣಗಿ ಬಿರಿಯದ ಹಾಗೆ ಮುಲಾಮು ಹಚ್ಚಿ, ಬಟ್ಟೆ ಕಟ್ಟಿ. ಆರಿದ ಮೇಲೆ ಆಣಿ ದಪ್ಪಗಾಗಲು ಬಿಡಬೇಡಿ, ವಾರಕ್ಕೊಮ್ಮೆ ಉಜ್ಜಿ ಸಮ ಮಾಡಿ. ಮತ್ತೆ ಬಾರನ್ನು ಅಂಗೈ ನಡುವೆ ಹಿಡಿಯಬೇಡಿ, ಬೆರಳ ಬುಡದಲ್ಲಿ ಹಿಡಿಯಿರಿ.

ಅರ್ಧಲಾಗ
ತೊಳೆದೆ. ಕೂಗಿದೆ.